ಎರಡು ಪರ್ವತಗಳು ಕಲಿಸಿದ ಪಾಠ

ಜ್ವಾಲಾಮುಖಿಯ ಸ್ಫೋಟವನ್ನು ಮಾನವನು ತಡೆಯಲಾರನು. ಭೂಗರ್ಭದಿಂದ ಮೇಲೇರಿ ಬರುವ ಶಿಲಾಪಾಕವನ್ನು ಹಿಂದಕ್ಕೆ ತಳ್ಳಬಲ್ಲ ಯಂತ್ರವಾವುದೂ ಇಲ್ಲ. ಆದರೆ ಸ್ಫೋಟಕ್ಕೆ ಮುನ್ನ ಜ್ವಾಲಾಮುಖಿಯು ಅನೇಕ ವೇಳೆ ಸೂಚನೆಗಳನ್ನು ನೀಡುತ್ತದೆ. ನೆಲವು ಮೇಲಿಂದ ಮೇಲೆ ಕಂಪಿಸುತ್ತದೆ. ಬೆಟ್ಟದ ಮೈ ಉಬ್ಬುತ್ತದೆ. ಬಿರುಕುಗಳಿಂದ ಹಬೆಯೂ ಗಂಧಕದ ಅನಿಲಗಳೂ ಹೊರಹೊಮ್ಮುತ್ತವೆ. ಈ ಸೂಚನೆಗಳನ್ನು ಅರ್ಥಮಾಡಿಕೊಳ್ಳುವುದು ವಿಜ್ಞಾನಿಗಳ ಕಾರ್ಯ. ಜನರನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸುವುದು ಅಧಿಕಾರಿಗಳ ಕಾರ್ಯ. ಇವೆರಡೂ ಒಂದುಗೂಡದಿದ್ದರೆ ಏನಾಗುತ್ತದೆ, ಒಂದುಗೂಡಿದರೆ ಏನಾಗುತ್ತದೆ ಎಂಬುದನ್ನು ಎರಡು ಪರ್ವತಗಳು ನಮಗೆ ತೋರಿಸಿಕೊಟ್ಟಿವೆ.

ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದಲ್ಲಿ ನೆವಾಡೊ ಡೆಲ್ ರೂಯಿಸ್ ಎಂಬ ಹಿಮಾಚ್ಛಾದಿತ ಪರ್ವತವಿದೆ. 1984ರ ನವೆಂಬರ್ ತಿಂಗಳಿನಲ್ಲಿ ಅದು ಎಚ್ಚರಗೊಳ್ಳುವ ಲಕ್ಷಣಗಳನ್ನು ತೋರತೊಡಗಿತು. 1985ರ ಅಕ್ಟೋಬರಿನಲ್ಲಿ ವಿಜ್ಞಾನಿಗಳು ಅಪಾಯದ ಪ್ರದೇಶಗಳನ್ನು ಗುರುತಿಸಿ ನಕ್ಷೆಯೊಂದನ್ನು ಸಿದ್ಧಪಡಿಸಿದರು. ಕೆಸರಿನ ಪ್ರವಾಹವು ನುಗ್ಗಬಹುದಾದ ಸ್ಥಳಗಳಲ್ಲಿ ಅರ್ಮೆರೊ ಪಟ್ಟಣವೂ ಒಂದಾಗಿತ್ತು. 1845ರಲ್ಲಿ ಇಂತಹುದೇ ಪ್ರವಾಹವು ಹರಿದಿದ್ದ ನೆಲದ ಮೇಲೆ ಆ ಪಟ್ಟಣವು ಬೆಳೆದಿತ್ತು. ಆದರೆ ಅಧಿಕಾರಿಗಳು ಹಿಂಜರಿದರು. ಸಾವಿರಾರು ಜನರನ್ನು ಸ್ಥಳಾಂತರಿಸಿದ ಮೇಲೆ ಬೆಟ್ಟವು ಸಿಡಿಯದಿದ್ದರೆ ಆಗುವ ನಷ್ಟಕ್ಕೂ ನಿಂದೆಗೂ ಹೊಣೆ ಯಾರು ಎಂಬ ಅಳುಕು ಅವರನ್ನು ಕಾಡಿತು.

ನವೆಂಬರ್ 13ರ ಮಧ್ಯಾಹ್ನ ಅರ್ಮೆರೊದ ಮೇಲೆ ಬೂದಿಯು ಉದುರಿತು. ಜನರಿಗೆ ದೊರೆತದ್ದು ಶಾಂತವಾಗಿರಿ ಎಂಬ ಸಲಹೆ. ರಾತ್ರಿ ಒಂಬತ್ತರ ಸುಮಾರಿಗೆ ಪರ್ವತವು ಸ್ಫೋಟಿಸಿತು. ಕರಗಿದ ಹಿಮವು ಮಣ್ಣನ್ನೂ ಬಂಡೆಗಳನ್ನೂ ಕೊಚ್ಚಿಕೊಂಡು ನದೀ ಕಣಿವೆಗಳಲ್ಲಿ ಇಳಿಯಿತು. ಅದು ಅರ್ಮೆರೊವನ್ನು ತಲುಪಲು ಸುಮಾರು ಎರಡೂವರೆ ಗಂಟೆ ಹಿಡಿಯಿತು. ಸಮೀಪದ ಎತ್ತರದ ನೆಲಕ್ಕೆ ನಡೆದುಹೋಗಲು ಅಷ್ಟು ಕಾಲವೇ ಸಾಕಾಗಿತ್ತು. ಆದರೆ ಏಳಿ, ಹೊರಡಿ ಎಂಬ ಸ್ಪಷ್ಟವಾದ ಆಜ್ಞೆಯು ಸಕಾಲದಲ್ಲಿ ಜನರಿಗೆ ಮುಟ್ಟಲಿಲ್ಲ. ಆ ರಾತ್ರಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಮಡಿದರು. ನಕ್ಷೆಯು ಸರಿಯಾಗಿತ್ತು, ಆದರೆ ಅದು ಯಾರನ್ನೂ ಉಳಿಸಲಿಲ್ಲ.

ಈ ದುರಂತದಿಂದ ಜಗತ್ತು ಪಾಠ ಕಲಿಯಿತು. ಮರುವರ್ಷವೇ ಅಮೆರಿಕವು, ಅಪಾಯದಲ್ಲಿರುವ ಯಾವುದೇ ದೇಶಕ್ಕೆ ಉಪಕರಣಗಳೊಡನೆ ಧಾವಿಸಬಲ್ಲ ವಿಜ್ಞಾನಿಗಳ ತಂಡವೊಂದನ್ನು ರಚಿಸಿತು. 1991ರಲ್ಲಿ ಆ ತಂಡವು ಫಿಲಿಪೈನ್ಸ್ ದೇಶಕ್ಕೆ ತೆರಳಿತು. ಅಲ್ಲಿ ಸುಮಾರು ಐದು ನೂರು ವರ್ಷಗಳಿಂದ ನಿದ್ರಿಸುತ್ತಿದ್ದ ಪಿನಟುಬೊ ಪರ್ವತವು ಏಪ್ರಿಲ್ 2ರಂದು ಹಬೆಯನ್ನು ಉಗುಳಿತ್ತು. ಇಳಿಜಾರಿನಲ್ಲಿ ವಾಸಿಸುತ್ತಿದ್ದ ಐತಾ ಬುಡಕಟ್ಟಿನವರ ಮೂಲಕ ಸುದ್ದಿಯು ಸ್ಥಳೀಯ ಜ್ವಾಲಾಮುಖಿ ಸಂಸ್ಥೆಗೆ ತಲುಪಿತು. ಆಗ ಆ ಸಂಸ್ಥೆಯ ನಿರ್ದೇಶಕರಾಗಿದ್ದವರು ರೇಮುಂಡೊ ಪುನೊಂಗ್ಬಯಾನ್. ಎರಡೂ ದೇಶಗಳ ವಿಜ್ಞಾನಿಗಳು ಒಟ್ಟಿಗೆ ಕಂಪನಗಳನ್ನೂ ಅನಿಲವನ್ನೂ ಅಳೆಯತೊಡಗಿದರು.

ಸ್ಫೋಟದ ದಿನವನ್ನು ಖಚಿತವಾಗಿ ಹೇಳಲು ಅವರಿಗೂ ಸಾಧ್ಯವಿರಲಿಲ್ಲ. ಆದುದರಿಂದ ಅವರು ಅಪಾಯವನ್ನು ಒಂದರಿಂದ ಐದರವರೆಗಿನ ಮಟ್ಟಗಳಲ್ಲಿ ಸೂಚಿಸಿದರು. ಶಾಸ್ತ್ರದ ಪರಿಭಾಷೆ ಅರಿಯದವರಿಗೂ ಈ ಅಂಕಿಗಳು ಅರ್ಥವಾದವು. ಜ್ವಾಲಾಮುಖಿಯ ವಿನಾಶವನ್ನು ತೋರಿಸುವ ಚಲನಚಿತ್ರವೊಂದನ್ನು ಅಧಿಕಾರಿಗಳಿಗೂ ಜನರಿಗೂ ಪ್ರದರ್ಶಿಸಲಾಯಿತು. ಅದನ್ನು ತಯಾರಿಸಿದವರು ಮೊರಿಸ್ ಮತ್ತು ಕಾತ್ಯಾ ಕ್ರಾಫ್ಟ್ ಎಂಬ ಫ್ರಾನ್ಸಿನ ದಂಪತಿಗಳು. ಅದೇ ವರ್ಷದ ಜೂನ್ 3ರಂದು ಜಪಾನಿನ ಉನ್‌ಜೆನ್ ಜ್ವಾಲಾಮುಖಿಯಲ್ಲಿ ಅವರಿಬ್ಬರೂ ಪ್ರಾಣ ತೆತ್ತರು.

ಅಪಾಯದ ಮಟ್ಟ ಏರಿದಂತೆಲ್ಲ ಅಧಿಕಾರಿಗಳು ತೆರವುಗೊಳಿಸುವ ವಲಯವನ್ನು ವಿಸ್ತರಿಸಿದರು. ಹತ್ತಾರು ಸಾವಿರ ಜನರು ಮನೆಮಾರುಗಳನ್ನು ಬಿಟ್ಟು ಹೊರಟರು. ಜೂನ್ 15ರಂದು ಪಿನಟುಬೊ ಮಹಾಸ್ಫೋಟಗೊಂಡಿತು. ಅದು ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ಸ್ಫೋಟಗಳಲ್ಲೊಂದು. ಅದೇ ದಿನ ಚಂಡಮಾರುತವೂ ಬಂದೆರಗಿತು. ಮಳೆಯಲ್ಲಿ ನೆನೆದು ಭಾರವಾದ ಬೂದಿಯಿಂದ ಛಾವಣಿಗಳು ಕುಸಿದು ನೂರಾರು ಮಂದಿ ಸತ್ತರು. ಆದರೆ ಮೊದಲೇ ಹೊರಟಿದ್ದ ಸಾವಿರಾರು ಜನರು ಬದುಕಿ ಉಳಿದರು.

ವಿಜ್ಞಾನಿಯು ತಾನು ಅರಿತುದನ್ನು ಜನರಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು; ತನಗೆ ಖಚಿತವಿಲ್ಲದುದನ್ನು ಮುಚ್ಚಿಡಬಾರದು. ಅಧಿಕಾರಿಯು ಪೂರ್ಣ ನಿಶ್ಚಯಕ್ಕಾಗಿ ಕಾಯದೆ, ನಿಂದೆಗೆ ಅಂಜದೆ, ಸಕಾಲದಲ್ಲಿ ಆಜ್ಞೆ ನೀಡಬೇಕು. ಬರಿದಾದ ಊರಿಗೆ ಜನರು ಮರಳಿ ಬರಬಹುದು; ಕಳೆದ ಪ್ರಾಣವು ಮರಳಿ ಬಾರದು.