ಜಾತ್ರೆಯಿಂದ ಜಾತ್ರೆಗೆ: ಪೈಲ್ವಾನರ ದಾರಿಯ ತಯಾರಿ

ಗರಡಿಯಲ್ಲಿ ಸಾಮು ಕಲಿತ ಹುಡುಗ ಮೊದಲ ಸಲ ಪರವೂರ ಕಣಕ್ಕೆ ಇಳಿಯುವ ಹೊತ್ತಿಗೆ ಡಾವು, ಪಟ್ಟುಗಳನ್ನೆಲ್ಲ ವಸ್ತಾದರು ಹೇಳಿಕೊಟ್ಟಿರುತ್ತಾರೆ. ಬಸ್ಸು, ಊಟ, ನಿದ್ದೆ, ಲೆಕ್ಕಗಳನ್ನು ಮಾತ್ರ ಅವನು ತಾನೇ ಕಲಿಯಬೇಕು. ಬೆಳಗಾವಿಯ ಆನಂದವಾಡಿ ಆಖಾಡ, ಖಾನಾಪುರದ ಮಲಪ್ರಭಾ ಮೈದಾನ, ಸುತ್ತಲಿನ ಹಳ್ಳಿಗಳ ಜಾತ್ರೆ ಕಣಗಳು, ಗಡಿ ದಾಟಿದರೆ ಕೊಲ್ಹಾಪುರ, ಸಾಂಗಲಿ ಎಂದು ಸುತ್ತುವ ಪೈಲ್ವಾನನ ಮೈ ಕಣಕ್ಕಿಂತ ದಾರಿಯಲ್ಲೇ ಹೆಚ್ಚು ಸವೆಯುತ್ತದೆ. ಇಡೀ ಹಂಗಾಮು ಗಟ್ಟಿಯಾಗಿ ನಿಲ್ಲಬೇಕೆಂದರೆ ಈ ಕ್ರಮ ಅನುಸರಿಸಿ.

1. ಹಂಗಾಮಿನ ಪಟ್ಟಿ ಹಾಕಿ

ಸುಗ್ಗಿ ಮುಗಿದು ಸಂಕ್ರಾಂತಿ ಕಳೆದರೆ ಜಾತ್ರೆಗಳ ಸಾಲು ಶುರುವಾಗಿ ಮೇ ತಿಂಗಳವರೆಗೂ ನಡೆಯುತ್ತದೆ. ಜೂನ್‌ನಲ್ಲಿ ಖಾನಾಪುರದ ಕಡೆ ಮಳೆ ಹಿಡಿದರೆ ಬಯಲು ಕಣಗಳಿಗೆ ಬಿಡುವು. ಅದು ಸಾಮು ಮಾಡಿ ಮೈ ಕಟ್ಟುವ ಕಾಲ. ಮಳೆ ಹಿಂದೆ ಸರಿಯುವಾಗ ಮೈಸೂರಿನ ದಸರಾ ಕುಸ್ತಿ ಬರುತ್ತದೆ. ತಾರೀಖುಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ಗರಡಿಯ ಗೋಡೆಗೆ ಅಂಟಿಸಿ. ಎರಡು ದೊಡ್ಡ ಕುಸ್ತಿಗಳ ನಡುವೆ ಕನಿಷ್ಠ ಒಂದು ವಾರ ಇರಲಿ. ಮ್ಯಾಟ್ ಮೇಲಿನ ಜಿಲ್ಲಾ, ರಾಜ್ಯ ಸ್ಪರ್ಧೆಗಳನ್ನು ಮೊದಲು ಗುರುತು ಹಾಕಿ, ಜಾತ್ರೆ ಕುಸ್ತಿಗಳನ್ನು ಅವುಗಳ ಸುತ್ತ ಹೊಂದಿಸಿ.

2. ಒಪ್ಪುವ ಮುನ್ನ ಕೇಳಿ

ಕಮಿಟಿಯವರು ಫೋನ್ ಮಾಡಿ ಜೋಡಿ ಹಚ್ಚಿದಾಗ ಮಾತು ವಸ್ತಾದರ ಮೂಲಕವೇ ನಡೆಯಲಿ. ಎದುರಾಳಿ ಯಾರು, ಅವನ ತೂಕವೆಷ್ಟು? ಚಿತ್ ಆಗುವವರೆಗೂ ಆಡಿಸುವ ನಿಕಾಲಿ ಕುಸ್ತಿಯೋ, ವೇಳೆ ಮುಗಿದ ಮೇಲೆ ಪಾಯಿಂಟ್ ಲೆಕ್ಕವೋ? ಬರಾಬರಿ ಆದರೆ ಇನಾಮು ಹೇಗೆ ಹಂಚುತ್ತಾರೆ? ಹೋಗಿಬರುವ ಖರ್ಚು ಇನಾಮಿನಲ್ಲೇ ಸೇರಿದೆಯೋ, ಬೇರೆಯೋ? ರಾತ್ರಿ ತಂಗಲು ಜಾಗ ಎಲ್ಲಿ? ಹೆಣ್ಣುಮಕ್ಕಳ ಕುಸ್ತಿ ಇದ್ದರೆ ಬಟ್ಟೆ ಬದಲಿಸಲು ಬೇರೆ ಕೋಣೆ ಇದೆಯೇ, ಜೊತೆಗೆ ಬರುವ ಮನೆಯವರಿಗೆ ವ್ಯವಸ್ಥೆ ಆಗಿದೆಯೇ? ಉತ್ತರಗಳನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಕಣದ ಅಂಚಿನಲ್ಲಿ ಹಲಗಿ ಬಡಿಯುವಾಗ ಇದನ್ನೆಲ್ಲ ಮಾತಾಡಲು ಆಗುವುದಿಲ್ಲ.

3. ಚೀಲ ಕಟ್ಟಿ

ಕನಿಷ್ಠ ಮೂರು ಲಂಗೋಟ, ಜಾಂಗ್ಯಾ, ಎರಡು ಟವೆಲ್, ಸಾಬೂನು, ನೀರಿನ ದೊಡ್ಡ ಬಾಟಲಿ, ಉಗುರು ಕತ್ತರಿ, ಹತ್ತಿ, ಬ್ಯಾಂಡೇಜ್. ಮ್ಯಾಟ್ ಸ್ಪರ್ಧೆಗಾದರೆ ಶೂ, ಕೆಂಪು ಮತ್ತು ನೀಲಿ ಕಾಸ್ಟ್ಯೂಮ್ ಎರಡೂ ಬೇಕು. ಆಧಾರ್, ವಯಸ್ಸಿನ ದಾಖಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಡಿ. ಒದ್ದೆ ಲಂಗೋಟವನ್ನು ಒಣ ಬಟ್ಟೆಯ ಜೊತೆ ಮುದುರಿ ಇಡಬೇಡಿ. ಗಜಕರ್ಣ ಹಬ್ಬುವುದು ಹೀಗೆಯೇ.

4. ದಾರಿ ಗೊತ್ತುಮಾಡಿ

ಬೆಳಗಾವಿಯಿಂದ ಖಾನಾಪುರ ಸುಮಾರು 25 ಕಿ.ಮೀ. ಬಸ್ಸೂ ಇದೆ, ಲೋಂಡಾ ಕಡೆ ಹೋಗುವ ರೈಲೂ ಇದೆ. ಕೊಲ್ಹಾಪುರ ಸುಮಾರು 110 ಕಿ.ಮೀ., ಸಂಕೇಶ್ವರ, ನಿಪ್ಪಾಣಿ ಮೇಲೆ ಹೆದ್ದಾರಿ. ಗಡಿ ತಂಟೆ ಎದ್ದಾಗ ಎರಡೂ ರಾಜ್ಯಗಳ ಸರಕಾರಿ ಬಸ್ಸುಗಳು ಗಡಿಯಲ್ಲೇ ನಿಂತುಬಿಡುವುದುಂಟು. ಹೊರಡುವ ಹಿಂದಿನ ದಿನ ವಿಚಾರಿಸಿ. ಸಾಂಗಲಿ ಕಡೆಗಾದರೆ ಮಿರಜ್‌ವರೆಗೆ ರೈಲು ನೆಮ್ಮದಿ. ಕೊನೆಗೆ ಆಡಿಸುವ ನಂಬರ್ ಒಂದು ಕುಸ್ತಿ ಮುಗಿಯುವಾಗ ರಾತ್ರಿಯಾಗಿರುತ್ತದೆ. ದಣಿದ ಮೈಯಲ್ಲಿ ಬೈಕ್ ಹತ್ತಿ ಹೊರಡಬೇಡಿ, ಅಲ್ಲೇ ತಂಗಿ ಬೆಳಗ್ಗೆ ಹೊರಡಿ.

5. ಊಟ, ತೂಕ ಕಾಯ್ದುಕೊಳ್ಳಿ

ಖುರಾಕು ಊರಲ್ಲಿ ಹೇಗೋ ದಾರಿಯಲ್ಲೂ ಹಾಗೆಯೇ ಇರಲಿ. ರೊಟ್ಟಿ, ಶೇಂಗಾ ಹಿಂಡಿ, ನೆನೆಸಿದ ಬಾದಾಮಿ, ಬಾಳೆಹಣ್ಣು ಕಟ್ಟಿಕೊಂಡರೆ ಜಾತ್ರೆಯ ಮಿರ್ಚಿ ಭಜಿಗೆ ಕೈ ಹೋಗುವುದಿಲ್ಲ. ಹೊಟ್ಟೆ ತುಂಬ ಊಟ ಕುಸ್ತಿಗೆ ಮೂರ್ನಾಲ್ಕು ತಾಸು ಮುಂಚೆಯೇ ಮುಗಿಯಲಿ. ಸರದಿ ತಡವಾದರೆ ಹಣ್ಣು, ಮಜ್ಜಿಗೆ ಸಾಕು.

ಮ್ಯಾಟ್ ಸ್ಪರ್ಧೆಯಲ್ಲಿ ತೂಕದ ಕಟ್ಟು ಬಿಗಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಕೆ.ಜಿ. ವಿಭಾಗದ ಫೈನಲ್ ತಲುಪಿದ್ದ ವಿನೇಶ್ ಫೋಗಟ್ ಎರಡನೇ ದಿನದ ತೂಕದಲ್ಲಿ 100 ಗ್ರಾಂ ಹೆಚ್ಚಾಗಿ ಅನರ್ಹರಾದರು. ಹಾಗೆಂದು ನೀರು ಬಿಟ್ಟು, ಬಿಸಿಲಲ್ಲಿ ಓಡಿ ತೂಕ ಇಳಿಸುವುದು ಪ್ರಾಣಕ್ಕೇ ಅಪಾಯ. 1997ರಲ್ಲಿ ಅಮೆರಿಕದಲ್ಲಿ ನೀರು ಬಿಟ್ಟು, ಬೆವರು ಸುರಿಸಿ ತೂಕ ಇಳಿಸಲು ಹೋದ ಮೂವರು ಕಾಲೇಜು ಕುಸ್ತಿಪಟುಗಳು ತೀರಿಕೊಂಡರು. ವಾರಕ್ಕೆ ಮೈತೂಕದ ಶೇ 1.5ಕ್ಕಿಂತ ಹೆಚ್ಚು ಇಳಿಸಬಾರದೆಂಬುದು ಅಲ್ಲಿನ ಕಾಲೇಜು ಕುಸ್ತಿಯ ನಿಯಮ. 70 ಕೆ.ಜಿ. ಪೈಲ್ವಾನನಿಗೆ ಅದು ಸುಮಾರು 1 ಕೆ.ಜಿ. ಅಷ್ಟರಲ್ಲಿ ಆಗದಿದ್ದರೆ ಮೇಲಿನ ವಿಭಾಗದಲ್ಲಿ ಆಡಿ.

6. ಕಣವನ್ನು ಕಣ್ಣಾರೆ ನೋಡಿ

ಒಂದೆರಡು ತಾಸು ಮೊದಲೇ ತಲುಪಿ. ಮಟ್ಟಿಯ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ. ಉಂಡೆ ಕಟ್ಟಿ, ಬೆರಳು ತಾಗಿಸಿದರೆ ಉದುರಬೇಕು. ಅರಿಸಿನ, ಮಜ್ಜಿಗೆ, ಲಿಂಬೆರಸ, ಎಣ್ಣೆ ಹಾಕಿ ಹದ ಮಾಡಿದ ಮಟ್ಟಿ ಹಾಗಿರುತ್ತದೆ. ಹೆಂಟೆ, ಕಲ್ಲು ಸಿಕ್ಕರೆ ಇನ್ನೊಮ್ಮೆ ಅಗೆಸಲು ಪಂಚರಿಗೆ ಹೇಳಿ. ಗಾಡಿಯಿಂದ ಇಳಿದವರೇ ಕಣಕ್ಕೆ ಹೋಗಬೇಡಿ. ಕೂತು ಕೂತು ಸೊಂಟ, ತೊಡೆ ಬಿಗಿದಿರುತ್ತವೆ. ಬೈಠಕ್ ಹೊಡೆದು, ಕುತ್ತಿಗೆ ತಿರುಗಿಸಿ, ಬೆವರು ಬಂದ ಮೇಲೆ ಇಳಿಯಿರಿ.

7. ಕುಸ್ತಿ ಮುಗಿದ ಮೇಲೆ

ಗೆದ್ದರೂ ಸೋತರೂ ಮೊದಲ ಕೆಲಸ ಸಾಬೂನಿನ ಸ್ನಾನ. ತರಚು ಗಾಯಗಳನ್ನು ತೊಳೆಯಿರಿ. ಧನುರ್ವಾಯು ತಡೆಯುವ ಇಂಜೆಕ್ಷನ್ ಯಾವಾಗ ಆಗಿದೆ ಎಂಬುದು ಬರೆದಿರಲಿ. ಕಿವಿ ಊದಿದರೆ ಮನೆಯಲ್ಲಿ ಸೂಜಿ ಚುಚ್ಚಬೇಡಿ, ಒಂದೆರಡು ದಿನದೊಳಗೆ ಡಾಕ್ಟರ ಹತ್ತಿರ ರಕ್ತ ತೆಗೆಸಿ. ತಲೆಗೆ ಪೆಟ್ಟಾಗಿ ವಾಂತಿ, ಮಂಪರು ಬಂದರೆ ನೇರ ಆಸ್ಪತ್ರೆಗೆ ಹೋಗಿ. ಮೈಯಲ್ಲಿ ಗಜಕರ್ಣ ಕಂಡರೆ ಪೂರ್ತಿ ವಾಸಿಯಾಗುವವರೆಗೆ ಗರಡಿಯ ಜೊತೆಗಾರರೊಂದಿಗೆ ಜೋರ್ (ಅಭ್ಯಾಸದ ಕುಸ್ತಿ) ಮಾಡಬೇಡಿ. ಯಾರೋ ಕೊಟ್ಟ ಪುಡಿ, ಇಂಜೆಕ್ಷನ್ ಮುಟ್ಟಬೇಡಿ. ಅದರಲ್ಲಿ ನಿಷೇಧಿತ ಮದ್ದಿದ್ದರೆ ಉತ್ತರ ಹೇಳಬೇಕಾದವರು ನೀವೇ.

8. ವಹಿ ಬರೆಯಿರಿ

ತಾರೀಖು, ಊರು, ಎದುರಾಳಿ, ಫಲಿತಾಂಶ, ಇನಾಮು, ಖರ್ಚು, ಪೆಟ್ಟು, ಹೀಗೆ ಪ್ರತಿ ಕುಸ್ತಿಗೆ ಒಂದು ಸಾಲು. ಹಂಗಾಮಿನ ಕೊನೆಗೆ ಯಾವ ಊರು ದಕ್ಕಿತು, ಯಾವುದು ಖರ್ಚಿಗೇ ಸಾಲಲಿಲ್ಲ ಎಂಬುದು ಅಲ್ಲೇ ಸಿಗುತ್ತದೆ. ರಾಜ್ಯ, ರಾಷ್ಟ್ರ ಮಟ್ಟದ ಪ್ರಮಾಣಪತ್ರಗಳ ಪ್ರತಿ ಮಾಡಿಸಿ ಜೋಪಾನ ಮಾಡಿ. ಮಾಜಿ ಪೈಲ್ವಾನರಿಗೆ ಸರಕಾರ ಕೊಡುವ ಮಾಸಾಶನಕ್ಕೆ ಮುಂದೆ ಅವೇ ಆಧಾರ.

ಕಮಿಟಿಯವರಿಗೂ ಒಂದು ವಿನಂತಿ

ಕೊಲ್ಹಾಪುರದಲ್ಲಿ ಪಳಗಿದ ಖಾಶಾಬಾ ಜಾಧವ್ 1952ರಲ್ಲಿ ಹೆಲ್ಸಿಂಕಿಗೆ ಹೋಗಿ ಕಂಚು ತಂದರು. ಸ್ವತಂತ್ರ ಭಾರತಕ್ಕೆ ಅದು ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಆ ಪ್ರಯಾಣದ ಹಣ ಹೊಂದಿಸಲು ಜನರಿಂದ ಚಂದಾ ಎತ್ತಬೇಕಾಯಿತು. ಇಂದೂ ಎಷ್ಟೋ ಹುಡುಗರು ಗಾಡಿ ಖರ್ಚಿಗೆ ಹೆದರಿ ಒಳ್ಳೆಯ ಜೋಡಿ ಬಿಡುತ್ತಾರೆ. ಬೆಳ್ಳಿ ಗದೆಯ ತೂಕ ಸ್ವಲ್ಪ ಕಡಿಮೆಯಾದರೂ ಸರಿ, ಬಂದ ಪ್ರತಿ ಪೈಲ್ವಾನನಿಗೂ ಬಸ್ ಚಾರ್ಜು, ಒಂದು ಹೊತ್ತಿನ ಊಟ ಇನಾಮಿನಿಂದ ಬೇರೆಯಾಗಿಯೇ ಕೊಡಿ, ಕಣದ ಪಕ್ಕ ಒಬ್ಬ ಡಾಕ್ಟರನ್ನು ಕೂರಿಸಿ. ಸೋತ ಹುಡುಗನೂ ಮುಂದಿನ ವರ್ಷ ನಿಮ್ಮ ಜಾತ್ರೆಗೆ ಬರಬೇಕಾದರೆ ಇಷ್ಟು ಆಗಲೇಬೇಕು.