ಬಾಲ್ಸಾ ಆರಿಸುವಾಗ: ಒಂದಿಷ್ಟು ಕಿವಿಮಾತು

ಸಭಾಂಗಣದೊಳಗೆ ರಬ್ಬರಿನ ಬಲದಲ್ಲಿ ಹಾರುವ ವಿಮಾನದ ರೆಕ್ಕೆ ಕಟ್ಟಲು ಹೊರಟಿದ್ದೀಯ. ಬಾಲ್ಸಾ ಮರದ ಹಾಳೆಗೆ ಬ್ಲೇಡ್ ಹಿಡಿಯುವ ಮುಂಚೆ ಇಷ್ಟು ಕೇಳಿಸಿಕೋ, ಮರಿ.

• ಮೊದಲು ತಕ್ಕಡಿ. ಅಂಗಡಿಯವನು ‘ಹಗುರ ಇದೆ’ ಅಂದದ್ದು ಲೆಕ್ಕಕ್ಕಿಲ್ಲ. 36 ಇಂಚು ಉದ್ದ, 3 ಇಂಚು ಅಗಲ, 1/16 ಇಂಚು ದಪ್ಪದ ಹಾಳೆ 9 ಗ್ರಾಂ ತೂಗಿದರೆ ಘನ ಅಡಿಗೆ ಹೆಚ್ಚುಕಡಿಮೆ 5 ಪೌಂಡ್ ಆಯಿತು. ನಮಗೆ ಬೇಕಾದ್ದು ಅದೇ. 15 ಗ್ರಾಂ ತೂಗುವುದನ್ನು ಬಯಲಲ್ಲಿ ಹಾರಿಸುವ ವಿಮಾನಕ್ಕೆ ಎತ್ತಿಡು. ಎಫ್‌1ಡಿ ಎಂಬ ಒಳಾಂಗಣ ಸ್ಪರ್ಧೆಯಲ್ಲಿ ರಬ್ಬರ್ ಬಿಟ್ಟು ಇಡೀ ವಿಮಾನಕ್ಕೆ ಕನಿಷ್ಠ ತೂಕ ಬರೀ 1.4 ಗ್ರಾಂ!

• ಆಮೇಲೆ ಹಾಳೆಯನ್ನು ಬೆಳಕಿಗೆ ಹಿಡಿ. ಉದ್ದುದ್ದ ಗೆರೆಗಳಷ್ಟೇ ಇದ್ದರೆ ಎ-ಗ್ರೇನ್. ಅಡ್ಡಲಾಗಿ ಸಲೀಸಾಗಿ ಬಾಗುತ್ತದೆ. ಮಿನುಗುವ ಚುಕ್ಕೆ ಚುಕ್ಕೆ ಕಂಡರೆ ಸಿ-ಗ್ರೇನ್. ಬಾಗಲೊಲ್ಲದು, ಬಲವಂತ ಮಾಡಿದರೆ ಸೀಳುತ್ತದೆ. ಮರ ಒಂದೇ, ಗರಗಸ ಉಂಗುರಗಳ ಗುಂಟ ಹೋಯಿತೋ, ಅವನ್ನು ಅಡ್ಡಹಾಯ್ದು ಹೋಯಿತೋ ಎಂಬುದಷ್ಟೇ ವ್ಯತ್ಯಾಸ. ಬಿ ಎಂದರೆ ಎರಡರ ನಡುವಿನದು.

• ರಿಬ್‌ಗೆ, ಅಂದರೆ ರೆಕ್ಕೆಯ ಅಡ್ಡಪಟ್ಟಿಗೆ, ಸಿ-ಗ್ರೇನ್. ನಾರು ರಿಬ್ಬಿನ ಉದ್ದಕ್ಕೇ ಇರಲಿ, ಬ್ಲೇಡ್ ಹೊಸದಿರಲಿ.

• ಹಾಗಂತ ಎ-ಗ್ರೇನ್ ಬಿಸಾಡಬೇಡ. ತೆಳು ಹಾಳೆಯನ್ನು ನೆನೆಸಿ ಕಡ್ಡಿಗೆ ಸುತ್ತಿ ರಬ್ಬರ್ ಹಿಡಿಯುವ ಕೊಳವೆ ಮಾಡುವುದಕ್ಕೆ ಅದೇ ಆಗಬೇಕು.

• ಸ್ಪಾರ್, ಅಂದರೆ ರೆಕ್ಕೆಯ ಉದ್ದಕ್ಕೂ ಹೋಗುವ ಕಡ್ಡಿಯ ವಿಷಯಕ್ಕೆ ಬಂದರೆ ಈ ಅಕ್ಷರಗಳ ಹಿಂದೆ ಬೀಳಬೇಡ. ಸಣ್ಣ ಚೌಕದ ಕಡ್ಡಿ ಸೀಳಿಕೊಂಡ ಮೇಲೆ ಅದನ್ನು ಕಾಲು ಸುತ್ತು ತಿರುಗಿಸಿದರೆ ಎ ಇದ್ದದ್ದೇ ಸಿ ಆಗುತ್ತದೆ! ಇಲ್ಲಿ ನೋಡಬೇಕಾದ್ದು ನಾರು ನೆಟ್ಟಗಿದೆಯೋ ಇಲ್ಲವೋ ಅಂತ. ಕಾರ್ಖಾನೆಯಲ್ಲಿ ಕೊಯ್ದ ಅಂಚು ನಾರಿನ ಗುಂಟವೇ ಇರುತ್ತದೆ ಎನ್ನುವಂತಿಲ್ಲ. ಅಂಚನ್ನು ಕೈಯಲ್ಲೇ ಒಂದಿಷ್ಟು ಸೀಳು. ಅದು ಹೋದ ದಾರಿಯೇ ನಿನ್ನ ಸ್ಕೇಲ್ ಇಡುವ ದಾರಿ. ನಾರು ಎಲ್ಲಿ ಕಡ್ಡಿಯಿಂದ ಹೊರಗೆ ಜಾರುತ್ತದೋ ಅಲ್ಲೇ ಮುರಿಯುವುದು.

• ಒಂದೇ ಅಳತೆಯ ಕಡ್ಡಿಗಳನ್ನು ಒಂದೊಂದಾಗಿ ತಕ್ಕಡಿಯ ಮೇಲೆ ನಿಲ್ಲಿಸಿ ಮೇಲಿನಿಂದ ಮೆಲ್ಲಗೆ ಒತ್ತು. ನಡುವೆ ಬಿಲ್ಲಿನಂತೆ ಬಾಗಿದಾಗ ತಕ್ಕಡಿ ಎಷ್ಟು ತೋರಿಸಿತು, ಬರೆದುಕೋ. ಒಂದೇ ತೂಕದ ಕಡ್ಡಿಗಳಲ್ಲಿ ಹೆಚ್ಚು ತಡೆದದ್ದೇ ಸ್ಪಾರ್‌ಗೆ.

• ಎಡ, ಬಲ ರೆಕ್ಕೆಯ ಸ್ಪಾರ್‌ಗಳು ಹಾಳೆಯಲ್ಲಿ ಅಕ್ಕಪಕ್ಕ ಇದ್ದ ಕಡ್ಡಿಗಳೇ ಆಗಿರಲಿ. ಹಾಳೆಯ ಈ ಅಂಚಿಗೂ ಆ ಅಂಚಿಗೂ ತೂಕ ಬೇರೆಯಾಗುವುದುಂಟು. ಒಂದು ಕಡೆ ಹೆಚ್ಚು ಬಳುಕಿದರೆ ವಿಮಾನ ವಾಲಿಕೊಂಡೇ ಸುತ್ತುತ್ತದೆ.

• ಬಾಲ್ಸಾ ತೇವ ಹೀರುತ್ತದೆ. ಮಳೆಗಾಲದ ತೂಕವನ್ನೂ ಬೇಸಿಗೆಯ ತೂಕವನ್ನೂ ಹೋಲಿಸಲು ಹೋಗಬೇಡ. ತೂಕ, ಗ್ರೇನ್, ತಿಂಗಳು ಮೂರನ್ನೂ ಹಾಳೆಯ ಮೂಲೆಯಲ್ಲಿ ಪೆನ್ಸಿಲ್‌ನಿಂದ ಬರೆದಿಡು.