ಅಜ್ಜಿಯ ಗಿಳಿ ಇನ್ನು ಯಾರ ಮನೆಗೆ?

ನಮ್ಮ ಪಕ್ಕದ ಮನೆ ಅಜ್ಜಿಯ ಗಿಳಿಯನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ನೋಡದಿದ್ದರೂ ಅದರ ಕೂಗು ಕೇಳಿರುತ್ತೀರಿ. ಬೆಳಿಗ್ಗೆ ಹಾಲಿನವರು ಬಂದರೆ "ಅರ್ಧ ಲೀಟ್ರು ಸಾಕು" ಅನ್ನುತ್ತದೆ. ಒಂದು ದಿನ ಅದು ಕರೆದದ್ದನ್ನು ಅಜ್ಜಿಯೇ ಕರೆದರು ಅಂದುಕೊಂಡು ನಮ್ಮಮ್ಮ ಓಡಿಹೋಗಿ, ಇಲ್ಲಿ ಒಲೆ ಮೇಲೆ ಹಾಲು ಉಕ್ಕಿಹೋಯಿತು.

ಈಗ ಅಜ್ಜಿ ಮಗನ ಜೊತೆ ಇರಲು ಬೆಂಗಳೂರಿಗೆ ಹೋಗುತ್ತಿದ್ದಾರೆ. ಅಲ್ಲಿ ಬಾಡಿಗೆ ಮನೆಯವರು ಪಂಜರ ಬೇಡ ಅಂದರಂತೆ. "ನೀನೇ ಇಟ್ಕೊ ಮಗಾ, ನಿನ್ ಜೊತೆ ಚೆನ್ನಾಗಿ ಮಾತಾಡ್ತದೆ" ಎಂದರು. ಆ ರಾತ್ರಿ ಸಂತೋಷಕ್ಕೆ ನನಗೆ ನಿದ್ದೆಯೇ ಬರಲಿಲ್ಲ.

ಸಾಕುವುದು ಹೇಗೆ ಅಂತ ನಮ್ಮ ವಿಜ್ಞಾನ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದನ್ನೂ ಪುಸ್ತಕದಲ್ಲಿ ಓದಿದ್ದನ್ನೂ ಬರೆದಿದ್ದೇನೆ.

ಕೊರಳಲ್ಲಿ ಕಪ್ಪು ಮತ್ತು ಗುಲಾಬಿ ಪಟ್ಟಿ ಇದ್ದರೆ ಅದು ಗಂಡು ಗಿಳಿ. ಹೆಣ್ಣಿಗೂ ಮರಿಗಳಿಗೂ ಆ ಪಟ್ಟಿ ಕಾಣುವುದಿಲ್ಲ. ಅಜ್ಜಿಯದು ಗಂಡು. ಗಿಳಿಯ ಕಾಲಲ್ಲಿ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ ಇರುತ್ತವೆ. ಅದಕ್ಕೇ ಅದು ಸೀಬೆಹಣ್ಣನ್ನು ನಮ್ಮ ಹಾಗೆ ಹಿಡಿದು ತಿನ್ನುತ್ತದೆ.

ಮಾತು ಹೇಗೆ ಬರುತ್ತದೆ? ನಮ್ಮ ಧ್ವನಿಪೆಟ್ಟಿಗೆ ಗಂಟಲಲ್ಲಿದೆ. ಹಕ್ಕಿಗಳಿಗೆ ಅದು ಇನ್ನೂ ಕೆಳಗೆ, ಶ್ವಾಸನಾಳ ಎರಡು ಕವಲಾಗುವ ಕಡೆ ಇದೆ. ಗಿಳಿಯ ದಪ್ಪ ನಾಲಿಗೆಯೂ ಸಹಾಯ ಮಾಡುತ್ತದೆ. ಹಸಿಮೆಣಸಿನಕಾಯಿ ತಿನ್ನಿಸಿದರೆ ಮಾತು ಬರುತ್ತದೆ ಅನ್ನುವುದು ಸುಳ್ಳು. ಹಕ್ಕಿಗಳಿಗೆ ಮೆಣಸಿನಕಾಯಿಯ ಖಾರವೇ ಗೊತ್ತಾಗುವುದಿಲ್ಲವಂತೆ! (ನನಗೆ ಇದನ್ನು ನಂಬಲು ಕಷ್ಟವಾಯಿತು.) ಗಿಳಿ ಗುಂಪಿನಲ್ಲಿ ಬಾಳುವ ಹಕ್ಕಿ. ಗುಂಪಿನ ಕೂಗನ್ನು ಕೇಳಿ ಕಲಿಯುತ್ತದೆ. ಪಂಜರದಲ್ಲಿ ಒಂದೇ ಇದ್ದರೆ ಮನೆಯವರೇ ಅದರ ಗುಂಪು. ಅದಕ್ಕೇ ನಮ್ಮ ಮಾತು ಕಲಿಯುತ್ತದೆ.

ಆಮೇಲೆ ಮೇಷ್ಟ್ರು ನಾನು ಕೇಳದೇ ಇದ್ದದ್ದನ್ನು ಹೇಳಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ದೇಶದ ಹಸಿರು ಗಿಳಿಯನ್ನು ಹಿಡಿಯುವಂತಿಲ್ಲ, ಮಾರುವಂತಿಲ್ಲ, ಮನೆಯಲ್ಲಿ ಸಾಕುವಂತೆಯೂ ಇಲ್ಲ. ಮರದ ಪೊಟರೆಯಿಂದ ಮರಿಗಳನ್ನು ಕಿತ್ತು ತಂದು ಮಾರುತ್ತಾರೆ, ದಾರಿಯಲ್ಲೇ ಎಷ್ಟೋ ಸಾಯುತ್ತವೆ. ಅಜ್ಜಿಗೆ ಇದು ಗೊತ್ತಿರಲಿಲ್ಲ. ತಾತ ಜಾತ್ರೆಯಿಂದ ತಂದದ್ದು.

"ಹಾಗಾದ್ರೆ ಬಾಗಿಲು ತೆಗೆದು ಬಿಟ್ಬಿಡೋಣ ಸಾರ್" ಅಂದೆ. ಅದೂ ತಪ್ಪಂತೆ. ಅದರ ರೆಕ್ಕೆಯ ಗರಿ ಕತ್ತರಿಸಿದ್ದಾರೆ. ಕತ್ತರಿಸಿದ ಗರಿ ಬೆಳೆಯುವುದಿಲ್ಲ, ಅದು ಉದುರಿ ಹೊಸದು ಬರಬೇಕು. ಗರಿ ಬಂದರೂ ಹಾರಿ ಅಭ್ಯಾಸವಿಲ್ಲ, ಮೇವು ಹುಡುಕಲು ಬರುವುದಿಲ್ಲ, ಬೆಕ್ಕಿಗೆ ಹೆದರುವುದೂ ಗೊತ್ತಿಲ್ಲ. ಅರಣ್ಯ ಇಲಾಖೆಗೆ ಒಪ್ಪಿಸಿದರೆ ಬೇರೆ ಗಿಳಿಗಳ ಜೊತೆ ದೊಡ್ಡ ಪಂಜರದಲ್ಲಿ ಇಟ್ಟು ನೋಡುತ್ತಾರಂತೆ. ಹಾರಲು ಕಲಿತರೆ ಬಿಡುತ್ತಾರೆ, ಇಲ್ಲದಿದ್ದರೆ ಅಲ್ಲೇ ಇರುತ್ತದೆ. ಗಿಳಿ 20 ವರ್ಷಕ್ಕಿಂತ ಹೆಚ್ಚು ಬದುಕಬಲ್ಲದು. ಅಷ್ಟು ವರ್ಷ ಅದು ನಮ್ಮ ಜಗಲಿಯಲ್ಲಿ ಒಂದೇ ಇರಬೇಕಾ ಅಂತ ಯೋಚಿಸಿದೆ.

ಅಜ್ಜಿಗೆ ಹೇಳುವುದೇ ಕಷ್ಟವಾಯಿತು. ತಾತ ತೀರಿಕೊಂಡು ಮೂರು ವರ್ಷವಾದರೂ ಗಿಳಿ ಅವರ ಹಾಗೆಯೇ ಕೆಮ್ಮುತ್ತದೆ. ಅದು ಕೆಮ್ಮಿದರೆ ಅಜ್ಜಿ ಒಳಗಿನಿಂದ "ಬಂದೆ" ಅನ್ನುತ್ತಾರೆ. ನಾನು ಎಲ್ಲಾ ಹೇಳಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, "ಅಲ್ಲಿ ಜೊತೆಗೆ ಬೇರೆ ಗಿಣಿ ಇರ್ತವಾ?" ಎಂದು ಕೇಳಿದರು. ಇರ್ತವೆ ಅಂದೆ. "ಹಂಗಾದ್ರೆ ಕೊಡಿ" ಅಂದರು.

ಶನಿವಾರ ಅಪ್ಪ, ಮೇಷ್ಟ್ರು, ನಾನು ಅರಣ್ಯ ಇಲಾಖೆ ಕಚೇರಿಗೆ ಹೋಗುತ್ತೇವೆ. ಗಿಳಿಯನ್ನು ನೋಡಬೇಕೆನ್ನುವವರು ಶುಕ್ರವಾರ ಸಂಜೆಯೊಳಗೆ ಬನ್ನಿ. ಸೀಬೆಹಣ್ಣು ತರಬಹುದು, ಉಪ್ಪು ಖಾರ ಹಚ್ಚಿದ್ದು ಬೇಡ. ಪಂಜರದೊಳಗೆ ಬೆರಳು ಹಾಕಬೇಡಿ, ನನಗೇ ಎರಡು ಸಲ ಕಚ್ಚಿದೆ.